ಫಿಸಿಯೊಥೆರಪಿ ಪದವಿಗೆ (ಬಿಪಿಟಿ) ಅರ್ಜಿ ಹಾಕುವ ಮೊದಲು ಒಂದು ಬೆಳಗು ವಿಭಾಗದಲ್ಲಿ ಕುಳಿತು ನೋಡಿ

ಪಿಯುಸಿ ಫಲಿತಾಂಶ ಬಂದೊಡನೆ ಕರಾವಳಿಯ ಕಂಕನಾಡಿ, ದೇರಳಕಟ್ಟೆ, ಮಣಿಪಾಲಗಳ ಕಾಲೇಜು ಕಚೇರಿಗಳ ಮುಂದೆ ಮಕ್ಕಳೊಂದಿಗೆ ಹೆತ್ತವರೂ ಸಾಲಾಗಿ ಕಾಣಿಸುತ್ತಾರೆ. ಎಂಬಿಬಿಎಸ್ ಸೀಟು ತಪ್ಪಿದರೆ ಫಿಸಿಯೊಥೆರಪಿ ಇದ್ದೇ ಇದೆ ಎಂಬ ಲೆಕ್ಕಾಚಾರ ಹಲವರದು. ಈ ಲೆಕ್ಕಾಚಾರ ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಇಲ್ಲಿನ ಕೆಲಸದ ಸ್ವಭಾವವೇ ಬೇರೆ.

ಆದುದರಿಂದ ಮೊದಲ ಹೆಜ್ಜೆ ಅರ್ಜಿಯಲ್ಲ, ಭೇಟಿ. ಸಮೀಪದ ಆಸ್ಪತ್ರೆಯ ಫಿಸಿಯೊಥೆರಪಿ ವಿಭಾಗದ ಮುಖ್ಯಸ್ಥರಲ್ಲಿ ಅನುಮತಿ ಕೇಳಿ, ರೋಗಿಯ ಒಪ್ಪಿಗೆಯನ್ನೂ ಪಡೆದು, ಒಂದು ಬೆಳಗು ಮೂಲೆಯಲ್ಲಿ ಕುಳಿತು ನೋಡಬೇಕು. ಜನ ಇದನ್ನು ‘ಕರೆಂಟ್ ಕೊಡುವ’ ಚಿಕಿತ್ಸೆ ಎನ್ನುತ್ತಾರಾದರೂ ಯಂತ್ರದ ಪಾಲು ಕಡಿಮೆ, ಕೈಯ ಮತ್ತು ಮಾತಿನ ಪಾಲೇ ಹೆಚ್ಚು. ಮಂಡಿ ಕೀಲು ಬದಲಾಯಿಸಿಕೊಂಡ ಅಜ್ಜಿಯೊಬ್ಬರು ಮಂಚದ ಮೇಲಿದ್ದಾರೆ ಎನ್ನಿ. ಚಿಕಿತ್ಸಕಿ ಕೀಲಿನ ಕೋನ ಅಳೆಯುವ ಗೋನಿಯೋಮೀಟರಿನ ನಡುಬಿಂದುವನ್ನು ಮಂಡಿಯ ಹೊರಬದಿಗೆ ಇಟ್ಟು, ಅದರ ಒಂದು ತೋಳನ್ನು ಸೊಂಟದ ಕೀಲಿನ ದಿಕ್ಕಿಗೂ ಇನ್ನೊಂದನ್ನು ಹೊರಗಿನ ಹರಡಿನ ಗಂಟಿನ ದಿಕ್ಕಿಗೂ ಹೊಂದಿಸಿ, ಕಾಲು ಎಷ್ಟು ಡಿಗ್ರಿ ಮಡಿಯಿತೆಂದು ಬರೆದುಕೊಳ್ಳುತ್ತಾರೆ. ಆರೋಗ್ಯವಂತರ ಮಂಡಿ ಸುಮಾರು 135 ಡಿಗ್ರಿ ಮಡಿಯುತ್ತದೆ. ಅಜ್ಜಿಗೆ ಇಂದು ನಿನ್ನೆಗಿಂತ ಐದು ಡಿಗ್ರಿ ಹೆಚ್ಚಾದರೆ ಅದೇ ದಿನದ ಗಳಿಕೆ. ಈ ಐದು ಡಿಗ್ರಿಯಲ್ಲಿ ಸಂತೋಷ ಕಾಣಲಾಗದವರಿಗೆ ಈ ವೃತ್ತಿ ಒಗ್ಗಲಾರದು.

ನಮ್ಮ ಕರಾವಳಿಯ ರೋಗಿಗಳನ್ನೂ ಗಮನಿಸಬೇಕು. ಅಡಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ದಿನವಿಡೀ ತಲೆ ತಗ್ಗಿಸಿ ಬೀಡಿ ಕಟ್ಟಿ ಕತ್ತು ಹಿಡಿದುಕೊಂಡವರು, ಮಂಡಿ ಹಾಕಿ ಕುಣಿದು ಕೀಲು ಸವೆಸಿಕೊಂಡ ಯಕ್ಷಗಾನ ಕಲಾವಿದರು ಬರುತ್ತಾರೆ. ಇವರಲ್ಲಿ ಅನೇಕರಿಗೆ ‘ಬೇನೆ ಓಲು?’ (ನೋವು ಎಲ್ಲಿ?) ಎಂದು ತುಳುವಿನಲ್ಲಿ ಕೇಳಿದರೆ ಮಾತ್ರ ಉತ್ತರ ಸರಾಗವಾಗಿ ಬರುತ್ತದೆ.

ಮನಸ್ಸು ಗಟ್ಟಿಯಾದ ಬಳಿಕ ಪ್ರವೇಶದ ಮಾತು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬಿಪಿಟಿ ನಾಲ್ಕು ವರ್ಷದ ಓದು ಮತ್ತು ಆರು ತಿಂಗಳ ಇಂಟರ್ನ್‌ಶಿಪ್ ಆಗಿ ನಡೆದುಬಂದಿದೆ. ಆದರೆ ಫಿಸಿಯೊಥೆರಪಿಯಂಥ ಆರೋಗ್ಯ ವೃತ್ತಿಗಳಿಗಾಗಿ ಬಂದ 2021ರ ರಾಷ್ಟ್ರೀಯ ಕಾಯ್ದೆಯ ಬಳಿಕ ಪಠ್ಯಕ್ರಮ, ಪ್ರವೇಶ ಪದ್ಧತಿಗಳು ಬದಲಾಗುತ್ತಿರುವುದರಿಂದ ಹಿರಿಯ ವಿದ್ಯಾರ್ಥಿಗಳ ಮಾತನ್ನು ನಂಬದೆ ಆಯಾ ವರ್ಷದ ಅಧಿಸೂಚನೆಯನ್ನೇ ಓದಿಕೊಳ್ಳಬೇಕು. ಮಣಿಪಾಲದ ಹೆಲ್ತ್ ಪ್ರೊಫೆಷನ್ಸ್ ಕಾಲೇಜು, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ ಸಂಸ್ಥೆಗಳಲ್ಲಿ ಈ ಕೋರ್ಸು ಇದೆ. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿಗಳಲ್ಲಿ ಎಡವುವವರೇ ಹೆಚ್ಚು. ಸ್ನಾಯುಗಳ ಹೆಸರು ಬಾಯಿಪಾಠವಾಗದೆ ಮುಂದಿನದು ತಲೆಗೆ ಹತ್ತುವುದಿಲ್ಲ.

ಬಳಿಕ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂಪಿಟಿಯಲ್ಲಿ ಮೂಳೆ, ನರ, ಹೃದಯ–ಶ್ವಾಸಕೋಶ, ಕ್ರೀಡೆ ಮುಂತಾದ ವಿಭಾಗಗಳಲ್ಲೊಂದನ್ನು ಆರಿಸಿಕೊಳ್ಳಬಹುದು. ವಿದೇಶಕ್ಕೆ ಹೋಗುವವರು ಆಯಾ ದೇಶದ ನೋಂದಣಿಯನ್ನು ಪಡೆಯಬೇಕು. ಬ್ರಿಟನ್ನಿನಲ್ಲಿ ಆರೋಗ್ಯ ವೃತ್ತಿಪರರ ನಿಯಂತ್ರಣ ಮಂಡಳಿಯಾದ ಎಚ್‌ಸಿಪಿಸಿಯ ನೋಂದಣಿ, ಅಮೆರಿಕದಲ್ಲಿ ಎನ್‌ಪಿಟಿಇ ಎಂಬ ರಾಷ್ಟ್ರೀಯ ಫಿಸಿಯೊಥೆರಪಿ ಪರೀಕ್ಷೆ ಕಡ್ಡಾಯ. ಊರಿನಲ್ಲೇ ಉಳಿಯುವವರಿಗೆ ಆರಂಭದ ಸಂಬಳ ಸಾಧಾರಣವೇ.

ಕಾಲೇಜು ಆರಿಸುವಾಗ ಕಟ್ಟಡ ನೋಡಿ ಮರುಳಾಗದೆ, ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿರುವ ಇಂಟರ್ನ್ ಒಬ್ಬರನ್ನು ಹೀಗೆ ಕೇಳಿ: ನಿನ್ನೆ ನೀವೇ ಕೈಯಿಟ್ಟು ನೋಡಿದ ರೋಗಿಗಳು ಎಷ್ಟು ಮಂದಿ?