ಬೆಳಕಿನ ನಡುವೆ ಒಂದು ಸುಳಿ

ತುಮಕೂರಿನ ಎಂ.ಜಿ. ರಸ್ತೆಯ ಡಿಟಿಪಿ ಅಂಗಡಿಯಲ್ಲಿ ನಾನು ಕೊಟ್ಟ ಚಿತ್ರವನ್ನು ತೆರೆದ ಹುಡುಗ, "ಸರ್, ಇದು ಸೀರೆ ಅಂಚಾ?" ಎಂದು ಕೇಳಿದ. ಒತ್ತಾಗಿ ನಿಂತ ಕಪ್ಪು ಗೆರೆಗಳ ನಡುವೆ ಒಂದೇ ಗೆರೆ ಕವಲೊಡೆಯುವ ಆ ಚಿತ್ರವು ಲೇಸರ್ ಕಿರಣದಲ್ಲಿ ಸುಳಿ ಮೂಡಿಸುವ ಹಾಲೊಗ್ರಾಮ್, ಅಂದರೆ ಬೆಳಕಿಗೆ ಬೇಕಾದ ರೂಪ ಕೊಡುವ ಗೆರೆಚಿತ್ರ, ಆಗಿತ್ತು.

ತಲೆಯ ಸುಳಿಯಲ್ಲಿ ಸುತ್ತಲಿನ ಪ್ರತಿ ಕೂದಲಿಗೂ ಒಂದು ದಿಕ್ಕಿದ್ದರೂ ನಡುವಿನ ಬಿಂದುವಿಗೆ ದಿಕ್ಕಿಲ್ಲ. ಬೆಳಕಿನ ಸುಳಿಯಲ್ಲಿಯೂ ನಡುಬಿಂದುವನ್ನು ಒಮ್ಮೆ ಸುತ್ತಿ ಬಂದರೆ ಪ್ರಾವಸ್ಥೆ, ಅಂದರೆ ಅಲೆಯು ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬ ಅಳತೆ, 360 ಡಿಗ್ರಿ ಏರಿರುತ್ತದೆ. ಬಿಂದುವಿನಲ್ಲಿ ಮಾತ್ರ ಅದಕ್ಕೆ ನಿಶ್ಚಿತ ಬೆಲೆಯೇ ಇಲ್ಲದ ಕಾರಣ, ಬೆಳಕು ಅಲ್ಲಿ ಸೊನ್ನೆಯಾಗಲೇಬೇಕು. ಅಲೆಗಳಲ್ಲಿನ ಇಂಥ ದೋಷಗಳನ್ನು ಭೌತವಿಜ್ಞಾನಿಗಳಾದ ನೈ ಮತ್ತು ಬೆರ್ರಿ 1974ರಲ್ಲಿ ವಿವರಿಸಿದ್ದರು.

ಹಾಲೊಗ್ರಾಮ್ ಬಿಡಿಸಲು ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ನಡುಬಿಂದುವಿನ ಸುತ್ತಲಿನ ಕೋನಕ್ಕೆ ಓರೆಯಾಗಿ ಸಾಗುವ ತರಂಗದ ಪ್ರಾವಸ್ಥೆಯನ್ನು ಕೂಡಿಸಿ, ಮೊತ್ತದ ಕೊಸೈನ್ ಧನವಾದಲ್ಲಿ ಬಿಳಿ, ಋಣವಾದಲ್ಲಿ ಕಪ್ಪು ತುಂಬಿದೆ. ಗೆರೆಗಳ ಅಂತರ ಕಾಲು ಮಿಲಿಮೀಟರ್. ಮೊದಲ ಹಾಳೆ ಹಾಳಾದದ್ದು ನನ್ನದೇ ತಪ್ಪಿನಿಂದ: ಮುದ್ರಿಸಬಲ್ಲ ಪಾರದರ್ಶಕ ಓಎಚ್‌ಪಿ ಹಾಳೆಯ ಬದಲು ಸಾಮಾನ್ಯ ಪ್ಲಾಸ್ಟಿಕ್ ಕೊಟ್ಟಿದ್ದೆ, ಪ್ರಿಂಟರಿನ ಬಿಸಿಗೆ ಅದು ಸುಕ್ಕಾಯಿತು.

ಕಾಲೇಜಿನ ಹೀಲಿಯಂ–ನಿಯಾನ್ ಲೇಸರ್ (632.8 ನ್ಯಾನೋಮೀಟರ್) ಕಿರಣವನ್ನು ಎರಡು ಮಸೂರಗಳಿಂದ ಸುಮಾರು 4 ಮಿಲಿಮೀಟರ್ ಅಗಲ ಮಾಡಿ, ಕವಲಿನ ಮೇಲೆ ಬೀಳಿಸಿದೆ. ಆರು ಮೀಟರ್ ದೂರದ ಗೋಡೆಯ ಮೇಲೆ, ಬಾಗದೆ ನೇರವಾಗಿ ಬಂದ ಬೆಳಕಿನ ನಡುಚುಕ್ಕೆಯಿಂದ ಸುಮಾರು 15 ಮಿಲಿಮೀಟರ್ ಪಕ್ಕಕ್ಕೆ, ಉದ್ದಿನ ವಡೆಯಂತೆ ನಡುವೆ ತೂತಿದ್ದ ಕೆಂಪು ಬಳೆ ಕಂಡಿತು. ಹಾಳೆಯನ್ನು ಕೂದಲೆಳೆಯಷ್ಟು ಸರಿಸಿದರೂ ತೂತು ಅಂಚಿನತ್ತ ಜಾರಿ ಬಳೆಯು ಬಾಲಚಂದ್ರನಂತಾಗುತ್ತಿತ್ತು. ಈ ಹೊಂದಾಣಿಕೆಗೇ ನನ್ನ ಒಂದು ಮಧ್ಯಾಹ್ನ ಕಳೆಯಿತು.

ಆ ತೂತು ನಿಜವಾಗಿಯೂ ಸೊನ್ನೆಯಾಗಿರುವುದರಿಂದಲೇ ಅದಕ್ಕೆ ಬೆಲೆ. ವಿಜ್ಞಾನಿ ಸ್ಟೆಫಾನ್ ಹೆಲ್ ಅವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ತಂದ ಸೂಕ್ಷ್ಮದರ್ಶಕದಲ್ಲಿ, ಬಳೆಯಾಕಾರದ ಕಿರಣವು ಸುತ್ತಲಿನ ಅಣುಗಳ ಹೊಳಪನ್ನು ಅಡಗಿಸಿ, ನಡುವಿನ ಪುಟ್ಟ ಜಾಗವನ್ನು ಮಾತ್ರ ಬೆಳಗಲು ಬಿಡುತ್ತದೆ. ಅಲ್ಲಿ ತೂತಿನೊಳಗೆ ಬೆಳಕು ಸೋರಿದಷ್ಟೂ ಚಿತ್ರ ಮಂಕಾಗುತ್ತದೆ.

ಎರಡು ಸುತ್ತಿನ (ಒಮ್ಮೆ ಸುತ್ತಿದರೆ ಪ್ರಾವಸ್ಥೆ 720 ಡಿಗ್ರಿ ಏರುವ) ಸುಳಿಗಾಗಿ ಒಂದು ಗೆರೆ ಮೂರಾಗುವ ಹಾಳೆ ಮಾಡಿದಾಗ, ದೊಡ್ಡದೊಂದು ತೂತಿನ ಬದಲು ಅಕ್ಕಪಕ್ಕ ಎರಡು ಪುಟ್ಟ ತೂತುಗಳು ಬಂದವು. ಮುದ್ರಣ ತಪ್ಪಿದೆಯೆಂದು ಮತ್ತೆ ಮುದ್ರಿಸಿದರೂ ಅದೇ ಫಲ. ಹೆಚ್ಚು ಸುತ್ತಿನ ಸುಳಿಗೆ ಗಟ್ಟಿತನವಿಲ್ಲ. ಹಾಳೆಯ ಉಬ್ಬುತಗ್ಗಿನಿಂದ ಚದುರಿದ ಅಲ್ಪ ಬೆಳಕು ಬೆರೆತರೂ ಅದು ಒಂದೊಂದು ಸುತ್ತಿನ ಸುಳಿಗಳಾಗಿ ಒಡೆಯುತ್ತದೆ. ಓರೆಯಾಗಿ ನಿಲ್ಲಿಸಿದ ಪೀನ ಮಸೂರದ ಮೂಲಕ ನೋಡಿದಾಗ ಮಾತ್ರ ಮೂರು ಬೆಳಕಿನ ಪಟ್ಟಿಗಳ ನಡುವೆ ಎರಡು ಕಪ್ಪು ಗೆರೆಗಳು ಕಂಡವು. ಹೀಗೆ ಕಾಣುವ ಕಪ್ಪು ಗೆರೆಗಳ ಎಣಿಕೆಯೇ ಸುತ್ತುಗಳ ಎಣಿಕೆ: ಸುಳಿ ಒಡೆದಿದ್ದರೂ ಒಟ್ಟು ಸುತ್ತು ಎರಡೇ ಉಳಿದಿತ್ತು.