ಆಮ್ಲಜನಕ ಇಳಿದಾಗ ಪ್ರೋಟೀನ್‌ಗಳಲ್ಲಾಗುವ ಬದಲಾವಣೆ: ದತ್ತಾಂಶ ಹುಡುಕುವುದು ಹೇಗೆ

ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಎಂದು ಹುಡುಕಿದರೆ ಮೊದಲು ಎದುರಾಗುವುದು ಆರ್‌ಎನ್‌ಎ ದತ್ತಾಂಶದ ರಾಶಿ. ಅದರಿಂದ ಪ್ರೋಟೀನ್ ಮಟ್ಟವನ್ನು ಊಹಿಸಬೇಡಿ. ಆಮ್ಲಜನಕದ ಕೊರತೆಗೆ ಕೋಶದ ಪ್ರತಿಕ್ರಿಯೆಯನ್ನು ನಡೆಸುವ ಎಚ್‌ಐಎಫ್-1 ಆಲ್ಫಾ ಪ್ರೋಟೀನನ್ನೇ ನೋಡಿ: ಆಮ್ಲಜನಕ ಸಾಕಷ್ಟಿದ್ದಾಗಲೂ ಕೋಶ ಅದನ್ನು ತಯಾರಿಸುತ್ತಲೇ ಇರುತ್ತದೆ. ಆದರೆ ಪಿಎಚ್‌ಡಿ ಎಂಬ ಕಿಣ್ವಗಳು ಆಮ್ಲಜನಕ ಬಳಸಿ ಅದಕ್ಕೆ ಗುರುತು ಹಾಕುತ್ತವೆ, ವಿಎಚ್‌ಎಲ್ ಎಂಬ ಪ್ರೋಟೀನ್ ಆ ಗುರುತು ಹಿಡಿದು ಅದನ್ನು ನಾಶಕ್ಕೆ ಒಪ್ಪಿಸುತ್ತದೆ. ಅರ್ಧಾಯುಷ್ಯ ಕೆಲವೇ ನಿಮಿಷ. ಆಮ್ಲಜನಕ ಇಳಿದರೆ ಪ್ರೋಟೀನ್ ಏರುತ್ತದೆ, ಆರ್‌ಎನ್‌ಎ ಬಹುತೇಕ ಇದ್ದಲ್ಲೇ ಇರುತ್ತದೆ.

ನೇರವಾಗಿ ಪ್ರೋಟೀನ್ ದತ್ತಾಂಶ ಭಂಡಾರಗಳ ಒಕ್ಕೂಟವಾದ ಪ್ರೋಟಿಯೋಮ್‌ಎಕ್ಸ್‌ಚೇಂಜ್‌ಗೆ ಹೋಗಿ. ಪ್ರೈಡ್, ಮ್ಯಾಸಿವ್, ಜೆಪೋಸ್ಟ್, ಐಪ್ರಾಕ್ಸ್ ಭಂಡಾರಗಳನ್ನೆಲ್ಲ ಅಲ್ಲಿ ಒಟ್ಟಿಗೆ ಹುಡುಕಬಹುದು. ಹೈಪಾಕ್ಸಿಯಾ, ಹೈಪಾಕ್ಸಿಕ್, ಲೋ ಆಕ್ಸಿಜನ್ ಮೂರನ್ನೂ ಬೇರೆ ಬೇರೆಯಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಪಬ್‌ಮೆಡ್‌ನಲ್ಲಿ ಸಿಕ್ಕ ಲೇಖನವಾದರೆ ಕೊನೆಯಲ್ಲಿರುವ ದತ್ತಾಂಶ ಲಭ್ಯತೆಯ ಭಾಗದಲ್ಲಿ ಪಿಎಕ್ಸ್‌ಡಿ (PXD) ಎಂದು ಶುರುವಾಗುವ ದತ್ತಾಂಶ ಸಂಖ್ಯೆ ಇದೆಯೇ ನೋಡಿ.

ಇಳಿಸಿಕೊಳ್ಳುವ ಮುನ್ನ ಪ್ರಯೋಗದ ವಿವರ ಓದಿ. ಆಮ್ಲಜನಕ ಶೇ. 1 ಇತ್ತೇ, ಶೇ. 5 ಇತ್ತೇ? ಎಷ್ಟು ಗಂಟೆ? 4 ಗಂಟೆಯಲ್ಲಿ ಒಟ್ಟು ಪ್ರೋಟೀನ್ ಹೆಚ್ಚು ಕದಲುವುದಿಲ್ಲ. 24ರಿಂದ 48 ಗಂಟೆಯ ಮಾದರಿಗಳಲ್ಲಿ ಬದಲಾವಣೆ ಎದ್ದು ಕಾಣುತ್ತದೆ. ಕೋಬಾಲ್ಟ್ ಕ್ಲೋರೈಡ್ ಅಥವಾ ಡಿಎಂಒಜಿ ಎಂಬ ರಾಸಾಯನಿಕ ಹಾಕಿ ಎಚ್‌ಐಎಫ್ ಏರಿಸಿದ್ದರೆ ಅದನ್ನು ಬೇರೆಯೇ ಇಡಿ. ಅಲ್ಲಿ ಆಮ್ಲಜನಕ ಇಳಿದೇ ಇಲ್ಲ.

ಪ್ರೋಟೀನ್ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ ಕೊಟ್ಟ ರಾ ಕಡತಗಳು ಹಲವು ಗಿಗಾಬೈಟ್ ಇರುತ್ತವೆ, ಮೊದಲಿಗೆ ಅವು ಬೇಡ. ಅವನ್ನು ವಿಶ್ಲೇಷಿಸಲು ಮ್ಯಾಕ್ಸ್‌ಕ್ವಾಂಟ್ ತಂತ್ರಾಂಶ ಬಳಸಿದ್ದರೆ ಪ್ರೋಟೀನ್‌ಗ್ರೂಪ್ಸ್ ಕಡತ ಸಾಕು. ರಿವರ್ಸ್, ಕಂಟಾಮಿನೆಂಟ್, ಓನ್ಲಿ ಐಡೆಂಟಿಫೈಡ್ ಬೈ ಸೈಟ್ ಎಂಬ ಅಂಕಣಗಳಲ್ಲಿ ಕೂಡಿಸುವ ಚಿಹ್ನೆ ಇರುವ ಸಾಲುಗಳನ್ನು ತೆಗೆದುಹಾಕಿ, ಎಲ್‌ಎಫ್‌ಕ್ಯೂ (ಲೇಬಲ್ ಹಚ್ಚದೆ ಅಳೆದ ಪ್ರೋಟೀನ್ ಪ್ರಮಾಣ) ಮೌಲ್ಯಗಳನ್ನು ಲಾಗ್2ಗೆ ತನ್ನಿ.

ಹೆಚ್ಚಿನವರು ಎಡವುವುದು ಸೊನ್ನೆಯಲ್ಲಿ. ಇಲ್ಲಿ 0 ಅಂದರೆ ಯಂತ್ರಕ್ಕೆ ಸಿಗಲಿಲ್ಲ ಎಂದಷ್ಟೇ. ಅದನ್ನು ಸರಾಸರಿಗೆ ಸೇರಿಸಬಾರದು. ಹಾಗಂತ ಎಲ್ಲ ಮಾದರಿಗಳಲ್ಲೂ ಮೌಲ್ಯವಿರುವ ಸಾಲುಗಳನ್ನಷ್ಟೇ ಉಳಿಸಿಕೊಂಡರೆ ಇನ್ನೂ ದೊಡ್ಡ ನಷ್ಟ. ಸಾಮಾನ್ಯ ಆಮ್ಲಜನಕದ ಮೂರೂ ಮಾದರಿಗಳಲ್ಲಿ ಸಿಎ9 ಎಂಬ ಪ್ರೋಟೀನ್ ಕಾಣದೆ, ಕೊರತೆಯ ಮೂರರಲ್ಲೂ ಕಂಡಿದ್ದರೆ ನೀವು ಹುಡುಕುತ್ತಿರುವ ಉತ್ತರ ಅದೇ, ಆ ಸೋಸುವಿಕೆಯಲ್ಲಿ ಮೊದಲು ಹೋಗುವುದೂ ಅದೇ. ಯಾವುದಾದರೂ ಒಂದು ಗುಂಪಿನಲ್ಲಿ ಮೂರೂ ಮೌಲ್ಯವಿದ್ದರೆ ಸಾಲು ಉಳಿಯಲಿ.

ಆಮೇಲೆ ಆಮ್ಲಜನಕ ಇಳಿದಾಗ ಏರಬೇಕಾದ ಪ್ರೋಟೀನ್‌ಗಳಾದ ಎಲ್‌ಡಿಎಚ್‌ಎ, ಪಿ4ಎಚ್‌ಎ1, ಎನ್‌ಡಿಆರ್‌ಜಿ1 ಏರಿವೆಯೇ ನೋಡಿ. 24 ಗಂಟೆಯ ಮಾದರಿಯಲ್ಲೂ ಮೂರೂ ಕದಲದಿದ್ದರೆ ಆ ದತ್ತಾಂಶವನ್ನು ನಂಬಬೇಡಿ. ಎಚ್‌ಐಎಫ್-1 ಆಲ್ಫಾ ಪಟ್ಟಿಯಲ್ಲಿ ಇಲ್ಲದಿದ್ದರೆ ಗಾಬರಿ ಬೇಡ, ಅದರ ಪ್ರಮಾಣವೇ ಅಷ್ಟು ಕಡಿಮೆ. ಅದಕ್ಕೆ ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಚಿತ್ರಗಳೇ ಆಧಾರ. ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನ್ ಕೋಶದಿಂದ ಹೊರಗೆ ಸ್ರವಿಸುವುದರಿಂದ ಸೀಕ್ರಿಟೋಮ್ (ಕೋಶ ಹೊರಬಿಟ್ಟ ಪ್ರೋಟೀನ್‌ಗಳ) ದತ್ತಾಂಶದಲ್ಲಿ ಹುಡುಕಿ.

ಎರಡು ಅಧ್ಯಯನಗಳನ್ನು ಹೋಲಿಸುವಾಗ ಟಿಎಂಟಿ (ಮಾದರಿಗಳಿಗೆ ರಾಸಾಯನಿಕ ಲೇಬಲ್ ಹಚ್ಚಿ ಒಟ್ಟಿಗೆ ಅಳೆಯುವ ವಿಧಾನ) ಅನುಪಾತಗಳು ನಿಜಕ್ಕಿಂತ ಕುಗ್ಗಿ ಕಾಣುತ್ತವೆ ಎಂಬುದು ನೆನಪಿರಲಿ. ಲೇಬಲ್‌ಫ್ರೀ ಅಂಕಿಗಳ ಪಕ್ಕದಲ್ಲಿಟ್ಟು ಎಷ್ಟು ಪಟ್ಟು ಎಂದು ಅಳೆಯದೆ, ಏರಿದೆಯೋ ಇಳಿದಿದೆಯೋ ಎಂಬುದನ್ನಷ್ಟೇ ಹೋಲಿಸಿ. ಕೋಷ್ಟಕಗಳನ್ನು ಜೋಡಿಸುವುದು ಪ್ರತಿ ಪ್ರೋಟೀನ್‌ಗೂ ಇರುವ ಯೂನಿಪ್ರಾಟ್ ಸಂಖ್ಯೆಯಿಂದಾಗಲಿ. ವಂಶವಾಹಿಯ ಹೆಸರುಗಳನ್ನು ನಂಬಿ ಎಕ್ಸೆಲ್‌ನಲ್ಲಿ ತೆರೆದರೆ ಸೆಪ್ಟ್2, ಮಾರ್ಚ್1ನಂತಹ ಹಳೆಯ ಹೆಸರುಗಳು ದಿನಾಂಕಗಳಾಗಿಬಿಡುತ್ತವೆ.