ಸ್ಕ್ವೇರ್ ಅನ್ನೋ ಪದ ಕಲಿಯೋಕೆ ಮೂಲೆಮಟ್ಟ ಹಿಡಿಯಿರಿ

ಮಕ್ಕಳ ಜಾಮಿಟ್ರಿ ಬಾಕ್ಸ್ ತೆಗೆದು ನೋಡಿ. ಒಳಗೆ ಎರಡು ಪ್ಲಾಸ್ಟಿಕ್ ತ್ರಿಕೋನ ಇರುತ್ತವೆ. ಅವುಗಳ ಹೆಸರು ಸೆಟ್ ಸ್ಕ್ವೇರ್. ಮೂರೇ ಮೂಲೆ ಇರೋ ವಸ್ತುವಿಗೆ ಸ್ಕ್ವೇರ್ ಅಂತ ಹೆಸರು ಯಾಕೆ? ಕಾಮಾಕ್ಷಿಪಾಳ್ಯದಲ್ಲಿ ಸಂಜೆ ಹೊತ್ತು ನಡೆಸುವ ಇಂಗ್ಲಿಷ್ ಕ್ಲಾಸಿನಲ್ಲಿ ನಾನು ಈ ಪ್ರಶ್ನೆಯಿಂದಲೇ ಪಾಠ ಶುರು ಮಾಡುತ್ತೇನೆ. ‘ಸ್ಕ್ವೇರ್ ಅಂದರೆ ಚೌಕ’ ಅಂತ ಬಾಯಿಪಾಠ ಮಾಡಿದವರು ಇಲ್ಲೇ ನಿಂತುಬಿಡುತ್ತಾರೆ.

ನನ್ನ ಅಪ್ಪ ಬಡಗಿ. ಅವರ ಚೀಲದಲ್ಲಿ ಉಳಿ, ಕೀಸುಳಿ ಜೊತೆ ಒಂದು ಮೂಲೆಮಟ್ಟ ಇರುತ್ತಿತ್ತು. ಮರದ ಹಿಡಿ, ಕಬ್ಬಿಣದ ಪಟ್ಟಿ, ಎರಡೂ ಸೇರುವ ಕಡೆ ಸರಿಯಾಗಿ 90 ಡಿಗ್ರಿ. ಕಿಟಕಿ ಚೌಕಟ್ಟಿನ ಮೂಲೆಗೆ ಅದನ್ನು ಒತ್ತಿ ಹಿಡಿದು, ಬೆಳಕಿಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಪಟ್ಟಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಕೀಸುಳಿ ಎತ್ತಿಕೊಳ್ಳುತ್ತಿದ್ದರು. ಆ ಮೂಲೆಮಟ್ಟಕ್ಕೆ ಇಂಗ್ಲಿಷಿನಲ್ಲಿ ಹೆಸರೇ ಸ್ಕ್ವೇರ್. 13ನೇ ಶತಮಾನದಲ್ಲಿ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಈ ಪದ ಹೇಳುತ್ತಿದ್ದದ್ದು ಈ ಸಾಮಾನನ್ನೇ. ಆಕಾರದ ಅರ್ಥ ಬಂದದ್ದು ಆಮೇಲೆ. ಈಗ ಸೆಟ್ ಸ್ಕ್ವೇರ್ ನೋಡಿ. ಅದರಲ್ಲೂ ಒಂದು ಮೂಲೆ ಸರಿಯಾಗಿ 90 ಡಿಗ್ರಿ, ಅಲ್ವಾ?

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ ಸಿಗುತ್ತದೆ. ಅಲ್ಲಿ ನಾಲ್ಕಕ್ಕೆ ‘ಕ್ವಾಟ್ಟುವೊರ್’ ಅನ್ನುತ್ತಾರೆ. ಸಂಸ್ಕೃತದ ‘ಚತುರ್’ ಅದರದೇ ಬಂಧು. ನಮ್ಮ ಚೌಕದ ಒಳಗೂ ಆ ನಾಲ್ಕೇ ಕೂತಿದೆ. ಕಲ್ಲು ತೆಗೆಯುವ ಕ್ವಾರಿ ಕೂಡ ಇದೇ ಮನೆತನ: ಕಲ್ಲನ್ನು ಚೌಕವಾಗಿ ಒಡೆಯುವ ಜಾಗ. ಪರೀಕ್ಷೆ ಹೊತ್ತಿಗೆ ಬರುತ್ತಾರಲ್ಲ ಸ್ಕ್ವಾಡ್‌ನವರು, ಆ ಪದವೂ ಚೌಕವಾಗಿ ನಿಂತ ಸೈನಿಕರ ಗುಂಪಿನಿಂದ ಬಂದದ್ದು. ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಎಲ್ಲರ ಮುಖ ಅರಳುತ್ತದೆ. ನನಗೆ ಅದು ತುಂಬಾ ಇಷ್ಟ.

ಹಾಗಾಗಿ ಸ್ಕ್ವೇರ್ ಎಲ್ಲೇ ಸಿಕ್ಕರೂ ಮೊದಲು ಕೇಳಿಕೊಳ್ಳಿ: ಇಲ್ಲಿ ಆ ಮೂಲೆ ಎಲ್ಲಿದೆ? ಕ್ರಿಕೆಟ್ ತೆಗೆದುಕೊಳ್ಳಿ. ನಮ್ಮ ಜಿ. ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಅಂದರೆ ಚೆಂಡು ಪಿಚ್‌ಗೆ ಅಡ್ಡಲಾಗಿ ಓಡುವ ಹೊಡೆತ. ಪಿಚ್ ಒಂದು ಗೆರೆ, ಚೆಂಡು ಓಡುವ ದಾರಿ ಇನ್ನೊಂದು, ನಡುವೆ ಮೂಲೆಮಟ್ಟ. ಸ್ಕ್ವೇರ್ ಲೆಗ್ ಅಂಪೈರ್ ನಿಲ್ಲುವುದೂ ಅದೇ ಲೆಕ್ಕದಲ್ಲಿ. ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರದ ಮಿನ್ಸ್ಕ್ ಸ್ಕ್ವೇರ್‌ನದು ಬೇರೆ ಅರ್ಥ. ಮೊದಲು ಸುತ್ತ ಕಟ್ಟಡ ಇರುವ ಚೌಕದ ಬಯಲಿಗೆ ಸ್ಕ್ವೇರ್ ಅಂದರು, ಆಮೇಲೆ ರಸ್ತೆಗಳು ಸೇರುವ ಜಾಗಕ್ಕೂ ಅದೇ ಹೆಸರು ಬಂತು. ಬೆಂಗಳೂರಿನ ಬಾಯಿಗೆ ಮಾತ್ರ ಸರ್ಕಲ್ಲೇ ಜಾಸ್ತಿ.

ಲೆಕ್ಕದ ಸ್ಕ್ವೇರ್‌ಗೆ ರಂಗೋಲಿ ಸಾಕು. ಐದು ಚುಕ್ಕಿ, ಐದು ಸಾಲು. ಎಣಿಸಿದರೆ 25.

ಜಾಸ್ತಿ ಹುಷಾರಾಗಿರಬೇಕಾದದ್ದು ಅಳತೆಯಲ್ಲಿ. ನಮ್ಮೂರಲ್ಲಿ ಮನೆ ಕಟ್ಟುವವರು ‘ಹತ್ತು ಚದರದ ಮನೆ’ ಅನ್ನುತ್ತಾರೆ. ಒಂದು ಚದರ ಅಂದರೆ 100 ಚದರ ಅಡಿ. ಇಂಗ್ಲಿಷಿನಲ್ಲಿ ‘ಟೆನ್ ಫೀಟ್ ಸ್ಕ್ವೇರ್’ ಅಂದರೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಅಂದರೆ ಒಂದು ಚದರ ಪೂರ್ತಿ. ‘ಟೆನ್ ಸ್ಕ್ವೇರ್ ಫೀಟ್’ ಅಂದರೆ ಅದರಲ್ಲಿ ಹತ್ತನೇ ಒಂದು ಭಾಗ. ಪದ ಹಿಂದೆ ಮುಂದೆ ಆದರೆ ಇಷ್ಟು ವ್ಯತ್ಯಾಸ. ಅಡುಗೆಮನೆ ನೆಲಕ್ಕೆ ಟೈಲ್ಸ್ ಬೇಕು ಅಂತ ಅಂಗಡಿಗೆ ಮೆಸೇಜ್ ಹಾಕುವಾಗ ನಾನೇ ‘ಟೆನ್ ಸ್ಕ್ವೇರ್ ಫೀಟ್’ ಅಂತ ಬರೆದುಬಿಟ್ಟಿದ್ದೆ. ಆಟೋದಲ್ಲಿ ಬಂದದ್ದು ಒಂದೇ ಒಂದು ಬಾಕ್ಸ್. ಉಳಿದದ್ದನ್ನು ಮತ್ತೆ ತರಿಸಿದಾಗ ಬಣ್ಣ ಒಂಚೂರು ಬೇರೆ ಬಂತು. ಒಲೆ ಮುಂದಿನ ನಾಲ್ಕು ಟೈಲ್ಸ್ ಇವತ್ತಿಗೂ ಬೇರೆಯಾಗಿ ಕಾಣುತ್ತವೆ. ಹಾಗಾಗಿ ಈ ಎರಡು ವಾಕ್ಯಗಳನ್ನು ಎಲ್ಲರ ಕೈಲೂ ಬರೆಸುತ್ತೇನೆ, ಪಕ್ಕದಲ್ಲೇ ಚಿತ್ರವನ್ನೂ ಬಿಡಿಸುತ್ತೇನೆ.

ಮೂಲೆ ಸರಿಯಾಗಿದ್ದರೆ ಕೆಲಸ ನೇರ. ಅಲ್ಲಿಂದ ನಡತೆಯೂ ನೇರ ಅನ್ನೋ ಅರ್ಥ ಹುಟ್ಟಿತು: ‘ಸ್ಕ್ವೇರ್ ಡೀಲ್’ ಅಂದರೆ ಮೋಸ ಇಲ್ಲದ ವ್ಯವಹಾರ. ಕೈಸಾಲ ತೀರಿಸಿ ‘ವಿ ಆರ್ ಸ್ಕ್ವೇರ್’ ಅಂದರೆ ಲೆಕ್ಕ ಚುಕ್ತಾ. ಹಳೇ ಕಾಲದ ಮನುಷ್ಯ ಅನ್ನೋ ಅರ್ಥವೂ ಇದೆ, ಅಮೆರಿಕದ ಜಾಝ್ ಸಂಗೀತಗಾರರ ಮಾತಿನಿಂದ ಹರಡಿದ್ದು. ಅದನ್ನು ಕೇಳಿದರೆ ಗುರುತಿಸಿ, ಸಾಕು. ಯಾರಿಗೂ ಅನ್ನಬೇಡಿ.

ಕೊನೆಗೆ ಒಂದು ಟೇಪ್ ಕೊಡುತ್ತೇನೆ. ಗೋಡೆ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿ. ಎರಡು ಗುರುತುಗಳ ನಡುವೆ 5 ಅಡಿ ಬಂದರೆ ಮೂಲೆ ಸರಿಯಾಗಿದೆ. ಹೋದ ವಾರ ಗಾರೆ ಕೆಲಸದ ಹುಡುಗನೊಬ್ಬ ನಮ್ಮ ಕ್ಲಾಸ್ ರೂಮನ್ನೇ ಅಳೆದ. ಅದುವರೆಗೆ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟವನಲ್ಲ. 5 ಅಡಿ 1 ಇಂಚು ಬಂತು. ಟೇಪ್ ಹಿಡಿದುಕೊಂಡೇ ತಿರುಗಿ ಹೇಳಿದ: ‘ಮಿಸ್, ದಿ ರೂಮ್ ಈಸ್ ನಾಟ್ ಸ್ಕ್ವೇರ್.’